ಭೂರಿ ಬರೀ ಊಂಟ್ ಅಲ್ಲ

ಕೇರವಾಸ, ಮಾರವಾಡ
ಫಾಲ್ಗುಣ ಶುದ್ಧ ಪಂಚಮಿ, ಸಂವತ್ 1936

ನಮ್ಮ ಹಂಜಾಳ ಅಪ್ಪನಿಗೆ ಝಮಕು ಮಾಡುವ ರಾಮ್ ರಾಮ್.

ಕಂದಹಾರದ ಚಳಿಗೆ ಒಡೆದ ನಿಮ್ಮ ಪಾದ ಹೇಗಿದೆ? ತುಪ್ಪ ಹಚ್ಚಿಕೊಳ್ಳುತ್ತೀರೋ, ಇಲ್ಲ ಎಂದಿನ ಅಸಡ್ಡೆಯೋ? ನಾನು, ಹಂಜಾ ಚೆನ್ನಾಗಿದ್ದೇವೆ. ಹೇಳುವವಳು ನಾನು, ಬರೆಯುವವರು ಜೋಶಿಯವರು. ಬೈದದ್ದನ್ನೂ ಬಿಡದೆ ಬರೆಯಬೇಕೆಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ.

ನಿಮ್ಮ ಕಾಗದ ಓದಿಸಿ ಕೇಳಿದೆ. ಫೌಜಿನ ಹೊರೆ ಹೊತ್ತು, ಗುರುತಿಲ್ಲದ ಬೆಟ್ಟದ ಸೊಪ್ಪು ತಿಂದು ನಮ್ಮ ಗಂಡೊಂಟೆಗಳೆಲ್ಲ ಸತ್ತವೆಂದೂ, ಒಂಟೆ ಸಾಕುವ ಕುಲದಲ್ಲಿ ಹುಟ್ಟಿ ಒಂಟೆ ಕಳೆದುಕೊಂಡ ರಾಯಿಕಾ ಯಾವ ಮುಖ ಹೊತ್ತು ಊರಿಗೆ ಬರಲಿ ಎಂದೂ ಬರೆದಿದ್ದೀರಿ. ತುಂಬ ಅತ್ತೆ. ಬಿಳಿಯರ ಬಾಯಲ್ಲಿ ಮುದಿ ಒಂಟೆಯೂ ಊಂಟ್, ಎಳೆಯ ಒಂಟೆಯೂ ಊಂಟ್ ಅಂತೆ. ಒಂದು ಬಿದ್ದರೆ ‘ಇನ್ನೊಂದು ಊಂಟ್ ತನ್ನಿ’ ಅನ್ನುತ್ತಾರಂತೆ. ನಮ್ಮದೇ ಮಾತನ್ನು ಎತ್ತಿಕೊಂಡು ಹೋಗಿ ಮೂಟೆಗೆ ಇಟ್ಟ ಹೆಸರಿನಂತೆ ಮಾಡಿಬಿಟ್ಟರಲ್ಲ ಎಂದು ಹೊಟ್ಟೆ ಉರಿಯಿತು.

ಆ ಉರಿ ಕೆಲಸಕ್ಕೆ ಬಂತು. ಹೋದ ತಿಂಗಳು ಫೌಜಿಗೆ ಒಂಟೆ ಹಿಡಿಯಲು ಇಲ್ಲಿಗೂ ಒಬ್ಬ ಸಾಹೇಬ ಬಂದ. ಅವನಿಗೆ ಬರುತ್ತಿದ್ದ ನಮ್ಮ ಮಾತು ಅದೊಂದೇ. ನಮ್ಮ ಅಂಗಳದಲ್ಲಿ ಉಳಿದ ಒಂಟೆ ಭೂರಿ ಒಬ್ಬಳೇ, ಅದೂ ತುಂಬು ಗಬ್ಬ. ಅವಳತ್ತ ಬೆರಳು ತೋರಿಸಿ “ಊಂಟ್!” ಎಂದ. ನಿಮ್ಮ ದೊಡ್ಡಪ್ಪ ಆದೋಜಿ, “ಕೊಟ್ಬಿಡಮ್ಮ, ಸರ್ಕಾರದ ಹತ್ರ ಜಗಳ ಆಡೋಕಾಗುತ್ತಾ?” ಎಂದರು. ಎಂದೂ ಅವರೆದುರು ಬಾಯಿ ಬಿಡದ ನಾನು ಮುಖದ ಮೇಲೆ ಸೆರಗು ಎಳೆದುಕೊಂಡೇ, “ಹೆಣ್ಣೊಂಟೇನ ನಮ್ಮ ಜಾತಿಯಾಚೆ ಯಾವತ್ತಾದ್ರೂ ಕೊಟ್ಟಿದ್ದೀರಾ ಮಾವ? ನಾಳೆ ಹಂಜಾನ್ನೂ ಕೇಳ್ತಾನೆ, ಕೊಡ್ತೀರಾ?” ಎಂದುಬಿಟ್ಟೆ. ಭೂರಿಯ ಹಗ್ಗ ಕೈಗೆ ಸುತ್ತಿಕೊಂಡು ಅಲ್ಲೇ ಮರಳಲ್ಲಿ ಕೂತೆ. ಓಣಿಯ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಸಾಹೇಬ ಊಂಟ್ ಊಂಟ್ ಎಂದು ಅರಚಿ ಅರಚಿ ಸುಸ್ತಾಗಿ, ಕೊನೆಗೆ ಆದೋಜಿಯವರ ಅಂಗಳದ ಮುದಿ ಗಂಡೊಂಟೆಯನ್ನೇ ಹೊಡೆದುಕೊಂಡು ಹೋದ. ಅಂದಿನಿಂದ ಅವರು ನನ್ನ ಕೈಯ ರೊಟ್ಟಿ ಮುಟ್ಟುತ್ತಿಲ್ಲ. ಮುನಿಸಿಕೊಳ್ಳಲಿ, ನಾನಂತೂ ಮಾಡಿದ್ದು ಸರಿ.

ಆದ್ದರಿಂದ ಮುಖದ ಮಾತು ಬಿಡಿ. ಭೂರಿ ಇದ್ದಾಳೆ, ನಾನಿದ್ದೇನೆ, ಹಿಂಡು ಮತ್ತೆ ಕಟ್ಟೋಣ. ಸತ್ತವನ್ನು ನೆನೆದು ಇಬ್ಬರೂ ಒಟ್ಟಿಗೆ ಅಳೋಣ, ಆದರೆ ಇಲ್ಲಿ, ನಮ್ಮ ಅಂಗಳದಲ್ಲಿ.

ನಮ್ಮ ಒಂಟೆ ಕಾಯುವ ದೇವರು ಪಾಬೂಜಿ ನಿಮ್ಮನ್ನೂ ಕಾಯಲಿ. ಹಂಜಾ ಕಾಲಿಗೆ ಬೀಳುತ್ತಿದ್ದಾಳೆ.

ನಿಮ್ಮ
ಝಮಕು

ಜೋಶಿಯವರು ಕಾಗದ ಮಡಚುವಾಗ ನೆನಪಾಯಿತು: ಭೂರಿ ಈದಿದ್ದಾಳೆ, ಹೆಣ್ಣು ಮರಿ. ಮರಿಯ ಮೊದಲ ಕೂದಲಿಗೆ ಮನೆಯ ಯಜಮಾನನೇ ಕತ್ತರಿ ಇಡಬೇಕಲ್ಲ. ಅಷ್ಟು ಮುನಿದ ಆದೋಜಿಯವರೇ ನಿನ್ನೆ ಕತ್ತರಿ ಹಿಡಿದು ಬಂದರು. ‘ಈ ಮನೆಯ ಯಜಮಾನರೇ ಬರಲಿ’ ಎಂದು ವಾಪಸು ಕಳಿಸಿದೆ. ಬೇಗ ಹೊರಡಿ, ಕೂದಲು ಆಗಲೇ ಅದರ ಕಣ್ಣಿಗೆ ಬೀಳುತ್ತಿದೆ.