ನಗದೆ ತೆರೆಯದ ಬಾಗಿಲು

ಕಂಬಳಿಹಾಳ ಬಡಾವಣೆ, ತುಂಗಭದ್ರೆಯ ಎಡದಂಡೆ
ಇಸವಿ 2187, ಫೆಬ್ರುವರಿ ಮೂವತ್ತು

ನನಗಿಂತ ಆರೇಳು ತಲೆಮಾರು ಹಿಂದೆ ಬಸುರಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಂತಿರುವ ಅವ್ವಂದಿರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕುವ ದಿನಗಳು ಎಲ್ಲಿಗೆ ಹೋಗುತ್ತವೆಂದು ಕೇಳಿದರೆ ಮೇಲಿನವರು ಉತ್ತರ ಕೊಡುವುದಿಲ್ಲ. ಈ ಕಾಗದದಲ್ಲಿ ನೀವು ಕೇಳರಿಯದ ಕೆಲವು ಮಾತುಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಾನು ಗಾಳೆಮ್ಮ, ಹೆರುವವರ ಸಂಘದವಳು. ಸಂಘ ಎಂದರೆ ದೊಡ್ಡದೇನಲ್ಲ, ಬೇವಿನ ಮರದ ಕೆಳಗೆ ಕೂತು ಬೈಯುವ ಹೆಂಗಸರು.

ನಮ್ಮ ಬಡಾವಣೆಯಲ್ಲಿ ಬಸಿರುಮನೆ ಇದೆ. ಬಸುರಿಯರನ್ನು ಪರೀಕ್ಷೆ ಮಾಡುವ ಕಟ್ಟಡಕ್ಕೆ ಈಗ ಅದೇ ಹೆಸರು. ಗೋಡೆ ಹಾಲುಬಿಳುಪು, ನೆಲದಲ್ಲಿ ನಮ್ಮ ಮುಖ ನಮಗೇ ಕಾಣುತ್ತದೆ, ಕೂರುವುದಕ್ಕೆ ಒಂದು ಬೆಂಚಿಲ್ಲ. ಒಳಗೆ ಹಾಯುಗಮಾನು ಎಂಬ ಕಮಾನೊಂದು ನಿಂತಿದೆ. ಬಸುರಿ ಅದರ ಕೆಳಗೆ ಹಾದುಹೋದರೆ ಸಾಕು, ತೂಕ, ರಕ್ತ, ಕೂಸಿನ ಎದೆಬಡಿತ ಎಲ್ಲವನ್ನೂ ಅದು ಹಿಡಿದುಬಿಡುತ್ತದೆ. ಹಸಿರು ದೀಪ ಹತ್ತಿದರೆ ಎಲ್ಲ ಸರಿ ಇದೆ ಎಂದರ್ಥ. ಯಾರೂ ಮಾತನಾಡಿಸುವುದಿಲ್ಲ, ಯಾರೂ ಹೊಟ್ಟೆಯ ಮೇಲೆ ಕೈಯಿಡುವುದಿಲ್ಲ. ಅದು ಉದ್ಘಾಟನೆಯಾದ ದಿನ ಒಬ್ಬ ಮಂತ್ರಿ ಭಾಷಣ ಮಾಡಿದನಂತೆ, ಇನ್ನು ಯಾವ ಜಾತಿಯವಳನ್ನೂ ಯಾರೂ ಮುಟ್ಟಬೇಕಾಗಿಲ್ಲ, ಅಸ್ಪೃಶ್ಯತೆ ಇಂದಿಗೆ ಮುಗಿಯಿತು ಎಂದು. ಎಲ್ಲರನ್ನೂ ಮುಟ್ಟದಿರುವುದನ್ನೇ ಸಮಾನತೆ ಎಂದು ಕರೆದ ಆ ಮಹಾನುಭಾವನಿಗೆ ಚಪ್ಪಾಳೆಯೂ ಬಿತ್ತಂತೆ.

ಕಮಾನು ದಾಟಿದ ಮೇಲೆ ಹೊರಹೋಗಲು ಇರುವುದು ಒಂದೇ ದಾರಿ, ನಗೆಬಾಗಿಲು. ಅದು ನಮ್ಮ ಮುಖ ಓದುತ್ತದೆ. ನಕ್ಕರೆ, ಸೇವೆ ಚೆನ್ನಾಗಿತ್ತು ಎಂದು ಬರೆದುಕೊಂಡು ತೆರೆಯುತ್ತದೆ, ರಕ್ತ ಹೆಚ್ಚಿಸುವ ಕಬ್ಬಿಣದುಂಡೆಯ ಪೊಟ್ಟಣವನ್ನೂ ಕೈಗೆ ಹಾಕುತ್ತದೆ. ನಗದಿದ್ದರೆ ತೆರೆಯುವುದಿಲ್ಲ. ಆಗ ಪಕ್ಕದ ಸಮಾಧಾನ ಕೋಣೆಗೆ ಹೋಗಿ, ಬಸುರಿಯರ ಮನಸ್ಸು ಯಾಕೆ ವಿನಾಕಾರಣ ಕೆಡುತ್ತದೆ ಎಂಬ ಚಿತ್ರವನ್ನು ಹೊತ್ತು ಮುಳುಗುವವರೆಗೆ ನೋಡಬೇಕು. ಹಾಗಾಗಿ ಎಲ್ಲರೂ ನಗುತ್ತೇವೆ. ಕಾಲು ಬಾತವಳು ನಗುತ್ತಾಳೆ, ವಾಂತಿ ಮಾಡಿಕೊಂಡವಳು ಬಾಯಿ ಒರೆಸಿಕೊಂಡು ನಗುತ್ತಾಳೆ. ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಬರುವವರೂ ಇದ್ದಾರೆ.

ಇಂಥದ್ದನ್ನು ಯಾವ ಮೂರ್ಖ ಕಟ್ಟಿದ ಎಂದು ನೀವು ಕೇಳಬಹುದು. ನಾವೂ ಕೇಳಿದೆವು, ಮೇಲಿನಿಂದ ಉತ್ತರವೂ ಬಂತು. ನಿಮ್ಮನ್ನು ಕೇಳಿಯೇ ಕಟ್ಟಿದರಂತೆ. ನಿಮ್ಮ ಕಾಲದಲ್ಲಿ ಬಸುರಿಯರ ಅಭಿಪ್ರಾಯ ಕೇಳುವ ಪದ್ಧತಿ ಇತ್ತಲ್ಲ, ತಪಾಸಣೆ ಹೇಗಿತ್ತಮ್ಮಾ, ಸಿಸ್ಟರು ಚೆನ್ನಾಗಿ ಮಾತಾಡಿಸಿದರಾ, ಕಾಯಬೇಕಾಯಿತಾ ಎಂದು. ನೀವೆಲ್ಲ ಏನು ಹೇಳಿದಿರಿ? ಚೆನ್ನಾಗೈತ್ರಿ ಅಂದಿರಿ. ಬೆಳಗಿನಿಂದ ಬಿಸಿಲಲ್ಲಿ ನಿಂತವರು ಚೆನ್ನಾಗೈತ್ರಿ ಅಂದಿರಿ. ಪರದೆಯಿಲ್ಲದ ಮೇಜಿನ ಮೇಲೆ ಸೀರೆ ಸರಿಸಿ ಮಲಗಿದವರು ಪರವಾಗಿಲ್ರಿ ಅಂದಿರಿ. ಈ ಮಾತ್ರೆ ಯಾಕೆ ಎಂದು ಕೇಳಿದ್ದಕ್ಕೆ ‘ನೀನೇನು ಡಾಕ್ಟರಾ’ ಅನ್ನಿಸಿಕೊಂಡವರು ಕೂಡ, ನಮ್ಮ ಸಿಸ್ಟರು ಭಾಳ ಒಳ್ಳೇರ್ರಿ ಅಂದಿರಿ. ನಿಮ್ಮ ಆ ಉತ್ತರಗಳನ್ನೆಲ್ಲ ರಾಶಿ ಹಾಕಿ ಅಳೆದವರು, ಈ ಹೆಂಗಸರಿಗೆ ಬೆಂಚು ಬೇಡ, ಪರದೆ ಬೇಡ, ಮಾತು ಬೇಡ, ಅವರು ತೃಪ್ತರು ಎಂದು ತೀರ್ಮಾನಿಸಿದರು. ನೀವು ಹೇಳಿದ್ದನ್ನೇ ನಮಗೆ ಗೋಡೆ ಮಾಡಿ ಕಟ್ಟಿಕೊಟ್ಟರು.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ನೀವು ಯಾಕೆ ಹಾಗೆ ಹೇಳಿದಿರೆಂಬುದು ನನಗೆ ಗೊತ್ತಿಲ್ಲವೆಂದುಕೊಳ್ಳಬೇಡಿ. ಕೇಳಿದವರು ಆಸ್ಪತ್ರೆಯ ಅಂಗಳದಲ್ಲೇ ನಿಂತು ಕೇಳಿದರು. ತಾಯಿ ಕಾರ್ಡು ಇನ್ನೂ ಒಳಗೆ ಸಿಸ್ಟರ ಕೈಯಲ್ಲೇ ಇತ್ತು. ನಾಳೆ ನೋವು ಬಂದಾಗ ಅದೇ ಸಿಸ್ಟರು, ಅದೇ ಕೈ. ಪಕ್ಕದಲ್ಲಿ ಅತ್ತೆ. ಬಾಯಿಬಿಟ್ಟರೆ ಹೆರಿಗೆ ಕೋಣೆಯಲ್ಲಿ ತೊಡೆಗೆ ಏಟು ಬೀಳುತ್ತದೆಂದು ಯಾವಳಿಗೆ ಗೊತ್ತಿರಲಿಲ್ಲ? ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ಆರೋಗ್ಯವೇ ಎಂದು ಕೇಳುವುದಕ್ಕೆ ಅಭಿಪ್ರಾಯ ಸಂಗ್ರಹ ಎಂದು ಹೆಸರಿಟ್ಟವರನ್ನು ನಾನು ಸತ್ತರೂ ಕ್ಷಮಿಸುವುದಿಲ್ಲ.

ಈಗ ನನ್ನ ತಂಗಿ ಹುಸೇನಮ್ಮನ ವಿಷಯಕ್ಕೆ ಬರುತ್ತೇನೆ. ಅವಳಿಗೆ ದಿನ ತುಂಬುತ್ತಾ ಬಂದಿತ್ತು. ಇದು ಅವಳ ಎರಡನೆಯ ಬಸಿರು. ಮೊದಲನೆಯ ಕೂಸು ಹೊಟ್ಟೆಯಲ್ಲೇ ತಣ್ಣಗಾಗುವ ಹಿಂದಿನ ದಿನವೂ ಕಮಾನು ಹಸಿರು ತೋರಿಸಿತ್ತು, ಅವಳೂ ನಕ್ಕು ಮನೆಗೆ ಬಂದಿದ್ದಳು. ಕಳೆದ ವಾರ ಒಂದು ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು, “ಯಕ್ಕಾ, ಕೂಸು ನಿನ್ನಿ ಹೊತ್ತಾರಿಂದ ಹೊರಳವಲ್ದು. ಒದ್ರೂ ಒದ್ದಂಗ ಇಲ್ಲ, ಉಸುಲು ಬಿಟ್ಟಂಗ ಅನಸ್ತೈತಿ” ಅಂದಳು. ಬಸಿರುಮನೆಗೆ ಓಡಿದೆವು. ಕಮಾನಿನ ಕೆಳಗೆ ಹಾದಳು. ಆ ಗಳಿಗೆಗೆ ಎದೆ ಬಡಿಯುತ್ತಿತ್ತಲ್ಲ, ಹಸಿರು ಹತ್ತಿತು. ಕಮಾನಿಗೆ ಎದೆಬಡಿತ ಕೇಳುತ್ತದೆ, ತಾಯಿ ಹೇಳುವುದು ಕೇಳುವುದಿಲ್ಲ.

ಹುಸೇನಮ್ಮ ನಗೆಬಾಗಿಲ ಮುಂದೆ ಹೋಗಿ ನಿಂತಳು. ನಗಲಿಲ್ಲ, ಸಮಾಧಾನ ಕೋಣೆಗೂ ಹೋಗಲಿಲ್ಲ.

ಬಾಗಿಲ ಬಳಿ ಒಬ್ಬ ಬಾಗಿಲಕ್ಕ ಇರುತ್ತಾಳೆ, ನಗುವುದು ಹೇಗೆಂದು ತೋರಿಸಿಕೊಡುವುದೇ ಅವಳ ಉದ್ಯೋಗ. ಹೆಸರು ಫಿಲೋಮಿನಾ. ಅವಳು ತನ್ನ ಹಲ್ಲು ತೋರಿಸಿ, “ಹಿಂಗ ಮಾಡವ್ವಾ, ಅಷ್ಟ. ಹಸಿರು ಬಂದೈತಲ್ಲ, ಇನ್ನೇನ್ ಬೇಕು ನಿನಗ?” ಅಂದಳು.

“ಡಾಕ್ಟರು ಬೇಕು,” ಅಂದಳು ಹುಸೇನಮ್ಮ.

ಹಿಂದಿನ ಸಾಲು ನಿಂತುಹೋಯಿತು. ಮುಂದೆ ಒಬ್ಬಳು ಹೊರಬೀಳದೆ ಹಿಂದಿನವಳು ಬಾಗಿಲ ಮುಂದೆ ಬರುವಂತಿಲ್ಲ. ಮೊದಲು ಬೈಗುಳವೇ ಬಂತು. “ಏ ಮಾರಾಣಿ, ಒಂದ್ಸಲ ಹಲ್ಲು ಕಿಸಿದ್ರ ನಿನ್ನ ಗಂಟೇನು ಹೋಗ್ತೈತಿ? ನನಗ ಉಚ್ಚಿ ತಡಿಯಾಕ ಆಗವಲ್ದು!” ಎಂದು ಬಂಗಾರೆವ್ವ ಎಂಬಾಕೆ ಕೂಗಿದಳು. ಅವಳದು ಅವಳಿ ಬಸಿರು, ಹೊಟ್ಟೆ ಬಾಗಿಲಷ್ಟಿತ್ತು. ನಾನು ಹಿಂದಿರುಗಿ ವಿಷಯ ಹೇಳಿದೆ, ಕೂಸು ಹೊರಳುತ್ತಿಲ್ಲ ಅಂದೆ. ಅಲ್ಲಿದ್ದ ಪ್ರತಿಯೊಬ್ಬಳ ಕೈಯೂ ತಂತಮ್ಮ ಹೊಟ್ಟೆಗೆ ಹೋದದ್ದನ್ನು ಕಂಡೆ. ಬಂಗಾರೆವ್ವ ಕಾಲು ಬಿಗಿಹಿಡಿದುಕೊಂಡು ಮುಂದೆ ಬಂದಳು. ಹುಸೇನಮ್ಮನ ಪಕ್ಕ ನಿಂತು, ಬಾಗಿಲಿಗೆ ತನ್ನ ಮುಖ ಕೊಟ್ಟು, ಹುಳಿ ಮಜ್ಜಿಗೆ ಕುಡಿದವಳಂತೆ ಗಂಟಿಕ್ಕಿದಳು. “ತಗಾ, ಇದನ್ನ ಬರ್ಕಾ,” ಅಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದು ಮುಖ ಸಿಂಡರಿಸಿದರು. ಒಬ್ಬಳಂತೂ ನಾಲಿಗೆಯನ್ನೇ ಚಾಚಿದಳು. ಉಚ್ಚೆಗೆ ಮೂಲೆಯಲ್ಲೊಂದು ಸೀರೆ ಮರೆ ಹಿಡಿದೆವು, ಆ ಹಾಲುಬಿಳುಪಿನ ನೆಲ ಅವತ್ತು ಮೊದಲ ಸಲ ಬಸುರಿಯರ ಉಪಯೋಗಕ್ಕೆ ಬಂತು. ಫಿಲೋಮಿನಾ ತಲೆಗೆ ಕೈಹೊತ್ತು ಕೂತಳು, ಸ್ವಲ್ಪ ಹೊತ್ತಿನ ಮೇಲೆ ಅವಳೇ ತನ್ನ ನೀರಿನ ಬಾಟಲಿ ತಂದು ಹುಸೇನಮ್ಮನ ಕೈಗೆ ಕೊಟ್ಟಳು.

ಮೇಲೆ ಗಂಟೆ ಹೊಡೆಯಿತು. ಕೂಸಿಗಾಗಿ ಹೊಡೆದ ಗಂಟೆಯಲ್ಲ ಅದು. ಜಿಲ್ಲೆಯ ನಗೆಮಟ್ಟ ಕುಸಿದಿದೆಯೆಂದು ಹೊಡೆದದ್ದು. ಅದಕ್ಕೆ ಹೆದರಿ ಡಾಕ್ಟರ್ ಯಶೋಮತಿ ಇಳಿದುಬಂದರು. ಚಿಕ್ಕ ಪ್ರಾಯದವರು, ಬಸುರಿಯನ್ನು ಅಷ್ಟು ಹತ್ತಿರದಿಂದ ನೋಡಿ ಅಭ್ಯಾಸವಿಲ್ಲದವರು. ಬೈಯುವುದಕ್ಕೆ ಬಾಯಿ ತೆರೆದವರು ಹುಸೇನಮ್ಮನ ಮುಖ ನೋಡಿ ಅವಳ ಹತ್ತಿರ ಬಂದರು. ಆಮೇಲೆ ಕೇಳಿದರು, “ಕೂಸು ಕೊನೆಗೆ ಯಾವಾಗ ಹೊರಳಿತ್ತಮ್ಮಾ?”

ಅವ್ವಂದಿರೇ, ಎರಡು ಬಸಿರಿನಲ್ಲಿ ನನ್ನ ತಂಗಿಯನ್ನು ಆ ಕಟ್ಟಡದಲ್ಲಿ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಅವಳು ಹೋ ಎಂದು ಅತ್ತುಬಿಟ್ಟಳು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟರು, ಬಿಸಿ ಪಾತ್ರೆ ಮುಟ್ಟುವವರ ಹಾಗೆ, ಹೆದರಿ ಹೆದರಿ. ಆಮೇಲೆ ಕೈ ತೆಗೆಯಲಿಲ್ಲ. ಎದೆಬಡಿತವನ್ನು ಬಹಳ ಹೊತ್ತು ಕೇಳಿಸಿಕೊಂಡರು. ಬಹಳ ಹೊತ್ತು ಕೇಳಿದ್ದರಿಂದಲೇ ಅದು ನಡುನಡುವೆ ಎಡವುವುದು ಗೊತ್ತಾಯಿತು. ಅಲ್ಲಿಂದ ಓಡಿದ್ದು ಆಪರೇಷನ್ ಕೋಣೆಗೆ. ಹೊಕ್ಕುಳಬಳ್ಳಿ ಕೊರಳಿಗೆ ಬಿಗಿದಿತ್ತು. ಹೆಣ್ಣು ಕೂಸು, ನೀಲಿಗಟ್ಟಿತ್ತು, ಆದರೆ ಅತ್ತಿತು.

ಹೀಗಿರುವಾಗ ನಿಮ್ಮಲ್ಲಿ ನಾನು ಬೇಡುವುದು ದೊಡ್ಡದಲ್ಲ. ನಾಳೆ ಯಾರಾದರೂ ಬಂದು ಹೇಗಿತ್ತಮ್ಮಾ ಎಂದು ಕೇಳಿದರೆ, ಇದ್ದದ್ದನ್ನು ಹೇಳಿ. ಕಾಲು ನೋಯಿತು ಎನ್ನಿ. ನಾಚಿಕೆಯಾಯಿತು ಎನ್ನಿ. ನನ್ನ ಮಾತು ಮುಗಿಯುವ ಮೊದಲೇ ಮುಂದಿನವಳನ್ನು ಕರೆದರು ಎನ್ನಿ. ಒಬ್ಬಳೇ ಹೇಳಲು ಹೆದರಿಕೆಯಾದರೆ ಸಾಲಾಗಿ ನಿಂತು ಹೇಳಿ. ಚೆನ್ನಾಗಿ ನೋಡಿಕೊಂಡ ಸಿಸ್ಟರಿದ್ದರೆ ಅವಳ ಹೆಸರು ಹಿಡಿದು ಹೊಗಳಿ, ಆಗ ಹೊಗಳಿಕೆಗೂ ಬೆಲೆ ಬರುತ್ತದೆ. ಕೇಳುವ ಮಹಾಶಯರಿಗೂ ಇಷ್ಟು ತಿಳಿಸಿ: ಕೇಳುವುದಿದ್ದರೆ ಕಾರ್ಡು ನಮ್ಮ ಕೈಗೆ ಕೊಟ್ಟ ಮೇಲೆ ಕೇಳಿ, ನಮ್ಮ ಮನೆಯ ಜಗಲಿಗೆ ಬಂದು ಕೇಳಿ, ಅತ್ತೆ ಹೊಲಕ್ಕೆ ಹೋದಾಗ ಕೇಳಿ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಕೇಳಲೇಬೇಡಿ.

ನಿನ್ನೆ ಹುಸೇನಮ್ಮನನ್ನು ಮನೆಗೆ ಕಳಿಸಿದರು. ಕೂಸನ್ನು ಎದೆಗೆ ಒತ್ತಿಕೊಂಡು ನಗೆಬಾಗಿಲ ಮುಂದೆ ಬಂದಳು. ಅದನ್ನಿನ್ನೂ ಕಿತ್ತಿಲ್ಲ, ಹಾಗೇ ಇದೆ. ಅಷ್ಟರಲ್ಲಿ ಕೂಸು ಆಕಳಿಸಿತು. ನನ್ನ ತಂಗಿಗೆ ನಗು ಬಂತು, ಎರಡು ವರ್ಷದಲ್ಲಿ ಮೊದಲ ಸಲ, ನಿಜವಾದ ನಗು. ತಟ್ಟನೆ ಅವಳಿಗೆ ನೆನಪಾಯಿತು, ಬಾಗಿಲು ನೋಡುತ್ತಿದೆ ಎಂದು. ಸೆರಗೆಳೆದು ಮುಖ ಮುಚ್ಚಿಕೊಂಡಳು. “ಈ ನಗಿ ಅದಕ್ಕ ಅಲ್ಲ ಯಕ್ಕಾ,” ಅಂದಳು. ಕಸ ಸಾಗಿಸುವ ಹಿಂದಿನ ಬಾಗಿಲನ್ನು ಫಿಲೋಮಿನಾ ತೆರೆದುಕೊಟ್ಟಳು. ಆ ಬಾಗಿಲು ದಾಟಿ ಬಿಸಿಲಿಗೆ ಬಂದ ಮೇಲೆಯೇ ಹುಸೇನಮ್ಮ ಸೆರಗು ಸರಿಸಿದ್ದು.

ನಿಮ್ಮ ಮರಿಮಗಳು,
ಗಾಳೆಮ್ಮ