ಹದಿನಾಲ್ಕು ದ್ರಾಕ್ಷಿ ಕಡ್ಡಿಗಳು

೨೦ ಜುಲೈ, ಭಾನುವಾರ

ಬಟ್ಟೆ ಒಗೆದೆ. ಒಣಗಲಿಲ್ಲ. ಹನ್ನೊಂದಕ್ಕೆ ಹಿತ್ತಲಿಗೆ ಹೋಗಿ ದ್ರಾಕ್ಷಿ ಬಳ್ಳಿ ಕತ್ತರಿಸಿದೆ. ಚನ್ನವೀರ ಇದ್ದಾಗ ಪ್ರತಿ ಜುಲೈ ಅವನೇ ಕತ್ತರಿಸುತ್ತಿದ್ದ. ಈ ಸಲ ಬುಡಸಮೇತ ಹೋಗಬೇಕು — ಪಕ್ಕದ ಮನೆಯ ಗ್ರಹಾಂ ಬೇಲಿ ಹೊಸದು ಹಾಕಿಸುತ್ತಾರೆ, ಬಳ್ಳಿಯ ಬುಡ ಕಂಬದಡಿ ಸೇರಿಕೊಂಡಿದೆ. "ಟೇಕ್ ಸಮ್ ಕಟಿಂಗ್ಸ್, ಉಷಾ" ಅಂದರು. ತೆಗೆದೆ. ಪೆನ್ಸಿಲ್ ದಪ್ಪದವು, ಒಂದೊಂದಕ್ಕೆ ಚಿಗುರೊಡೆಯುವ ಮೂರು ಕಣ್ಣು. ಹದಿನಾಲ್ಕು ಕಡ್ಡಿ.

ಅತ್ತೆ ಶಾಲು ಹೊದ್ದು ಹೊರಗೆ ಬಂದರು.

"ಜುಲೈದಾಗ ಯಾರರೆ ಬಳ್ಳಿ ಕಡದು ಚಾಟ್ನಿ ಮಾಡ್ತಾರೇನ?"

"ಇಲ್ಲಿ ಈಗ ಥಂಡಿ ದಿನಾ ರೀ, ಅತ್ತಿ. ಬಳ್ಳಿ ಮಲಗಿರ್ತದ. ಈಗ ಕತ್ತರಿಸಬೇಕು."

"ನಮ್ಮ ತಿಕೋಟಾದಾಗ ಬಳ್ಳಿ ಮಲಗೂದಿಲ್ಲ. ಮಂದೀನೂ ಹಗಲಿ ಮಲಗೂದಿಲ್ಲ."

ನಿನ್ನೆ ಮಧ್ಯಾಹ್ನ ಮೂರರವರೆಗೆ ಮಲಗಿದ್ದೆ. ಅದಕ್ಕೆ ಈ ಮಾತು.

೨೧ ಜುಲೈ

ಕಡ್ಡಿಗಳನ್ನು ಕಟ್ಟು ಕಟ್ಟಿ, ಗರಾಜಿನ ನೆರಳಲ್ಲಿ ಒದ್ದೆ ಮರಳಿನೊಳಗೆ ಹೂತೆ. 'ಹೂತೆ' ಅಂತ ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಏನೂ ಅನಿಸಲಿಲ್ಲ.

ನಾಳೆ ೭.೧೨ರ ರೈಲು. ವೆಲಿಂಗ್ಟನ್ ಆಫೀಸು. ಎರಡು ಮೀಟಿಂಗ್.

೩೧ ಆಗಸ್ಟ್, ಭಾನುವಾರ

ಕಡ್ಡಿಗಳು ಕುಂಡಕ್ಕೆ ಬಂದವು. ಎರಡು ಕಣ್ಣು ಮಣ್ಣಿನೊಳಗೆ, ಒಂದು ಮೇಲೆ. ಯಾವುದು ತಲೆ, ಯಾವುದು ಬುಡ ಎಂದು ಅತ್ತೆ ನನ್ನ ಬೆನ್ನ ಹಿಂದೆ ನಿಂತು ಪ್ರತಿಯೊಂದಕ್ಕೂ ಕೇಳಿದರು. ಎಂ.ಎ. ಮಾಡಿದವರಿಗೆ ಇಷ್ಟು ಗೊತ್ತಿರಬೇಕಂತೆ.

ಸಂಜೆ ಕೇದಾರನ ಫೋನ್. ಚನ್ನವೀರನ ತಮ್ಮ, ಹುಬ್ಬಳ್ಳಿಯಿಂದ.

"ವೈನಿ, ಅವ್ವನ ವೀಸಾ ನವೆಂಬರ್ ಇಪ್ಪತ್ತಕ್ಕ ಮುಗೀತದಲ್ಲ. ಮುಂದುವರಿಸಾಕ ಬರ್ತದಂತ?"

"ಬರ್ತದ."

"ಮತ್ತ? ಟಿಕೀಟ್ ಮಾಡ್ಲೋ, ನೀವ ಇಟ್ಕೋತೀರೋ?"

"ಅವರಿಗೆ ಹೆಂಗ ಅನಸ್ತದೋ ಹಂಗ."

ಅವನು ನವೆಂಬರ್ ಹದಿನಾರಕ್ಕೆ ಟಿಕೆಟ್ ಮಾಡಿಬಿಡುತ್ತೇನೆ ಅಂದ. ಹೂಂ ಅಂದೆ. ಅತ್ತೆ ಒಳಗೆ ಮೆಂತ್ಯ ಬಿಡಿಸುತ್ತಿದ್ದರು. ಮಗ ಹೋದ ಸುದ್ದಿ ಕೇಳಿ ಮೇ ತಿಂಗಳಲ್ಲಿ, ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿ ಒಬ್ಬರೇ ಬಂದವರು. ಅವರಿಗೆ ಹೇಗೆ ಅನಿಸುತ್ತದೆ ಅಂತ ನಾನು ಕೇಳಲಿಲ್ಲ.

೧೩ ಸೆಪ್ಟೆಂಬರ್

ಬೇಲಿಯವರು ಬಂದರು. ಬಳ್ಳಿಯ ಬುಡ ತಮ್ಮ ಪಿಕಪ್ ಗಾಡಿಯ ಹಿಂದೆ ಹಾಕಿಕೊಂಡು ಹೋದರು. ಇಪ್ಪತ್ತು ನಿಮಿಷದ ಕೆಲಸ. ಹೊಸ ಬೇಲಿ ಚೆನ್ನಾಗಿದೆ.

ಮಂಚದ ಪಕ್ಕದ ಕವಿತೆ ಪುಸ್ತಕ ನಾಲ್ಕು ವಾರದಿಂದ ಅದೇ ಪುಟದಲ್ಲಿ. ಸಾಲುಗಳ ಅರ್ಥ ಆಗುತ್ತದೆ. ಅಷ್ಟೇ ಆಗುತ್ತದೆ.

೫ ಅಕ್ಟೋಬರ್

ಹನ್ನೊಂದರಲ್ಲಿ ಎಲೆ. ಬೆರಳ ಉಗುರಿನಷ್ಟು, ಅಂಚಿಗೆ ಗುಲಾಬಿ. ಅತ್ತೆ ಹೇಳಿದರು: "ಎಲಿ ಬಂದ್ವು ಅಂತ ಹಿಗ್ಗಬ್ಯಾಡ. ಕಡ್ಡ್ಯಾಗ ಇದ್ದ ಶಕ್ತೀಲೇ ಬರ್ತಾವ ಅವು. ಕೆಳಗ ಇನ್ನೂ ಏನೂ ಇರೂದಿಲ್ಲ."

ಹಿಗ್ಗಿರಲಿಲ್ಲ.

೧೯ ಅಕ್ಟೋಬರ್

ಆರು ಬಾಡಿವೆ. ರಾತ್ರಿಯ ಹಿಮ ಹೊಡೆದಿರಬಹುದು ಅಂತ ಗ್ರಹಾಂ. ರಾತ್ರಿ ಕುಂಡಗಳಿಗೆ ಬಟ್ಟೆ ಮುಚ್ಚುತ್ತಲೇ ಇದ್ದೆ. ನೀರೂ ಸರಿಯಾಗಿದೆ. ಗೊತ್ತಾಗುತ್ತಿಲ್ಲ.

೨೬ ಅಕ್ಟೋಬರ್, ಭಾನುವಾರ, ಬೆಳಿಗ್ಗೆ ೯

ಆರೂವರೆಗೆ ಎದ್ದು ಅಡುಗೆಮನೆ ಕಿಟಕಿಯಿಂದ ನೋಡಿದೆ. ಅತ್ತೆ ಕುಂಡಗಳ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದರು. ಒಂದು ಕಡ್ಡಿ ಮೇಲೆತ್ತಿ, ಬುಡ ಕಣ್ಣ ಹತ್ತಿರ ಹಿಡಿದು ನೋಡಿ, ಮತ್ತೆ ಊರಿದರು. ಆಮೇಲೆ ಇನ್ನೊಂದು. ಬರಿಗಾಲಲ್ಲಿ ಓಡಿದೆ.

"ದಿನಾ ಕಿತ್ತು ನೋಡ್ತೀರೇನ್ರಿ? ಎಳೀ ಬೇರು ಮುರಿದು ಸಾಯ್ತಾವಲ್ರಿ! ದ್ರಾಕ್ಷಿ ತ್ವಾಟದಾಗ ಹುಟ್ಟಿದವ್ರು, ನಿಮಗ ಗೊತ್ತಿಲ್ಲೇನು?"

"ಗೊತ್ತೈತಿ."

"ಮತ್ತ?"

"ಹದಿನಾರಕ್ಕ ಹೊಂಟೀನಲ್ಲ. ಬೇರು ಬಿಟ್ಟಿದ್ರ ಒಂದ ಕಡ್ಡಿ ಸೀರ್ಯಾಗ ಸುತ್ತಿ ಒಯ್ಯಬೇಕಂತ ಮಾಡಿದ್ನಿ. ಚನ್ನು ಹಚ್ಚಿದ ಬಳ್ಳೀದು."

"ವಿಮಾನದಾಗ ಬಿಡೂದಿಲ್ರಿ. ಕಸ್ಕೋತಾರ."

"ಕಸ್ಕೊಳ್ಳಿ. ಮತ್ತೇನ ಒಯ್ಲಿ ನಾ?" ಎದ್ದು ನಿಲ್ಲಲು ಬೇಲಿ ಹಿಡಿದರು. "ನೀ ಇರ್ರಿ ಅನ್ನಲಿಲ್ಲ. ಹೋಗ್ರಿ ಅಂತನೂ ಅನ್ನಲಿಲ್ಲ. ಟಿಕೀಟ್ ಆಗೇತಿ ಅಂತ ಕೇದಾರ ಹೇಳಿದ ಮ್ಯಾಲ ಗೊತ್ತಾತು ನನಗ. ಒಂದ ಮನ್ಯಾಗ ಇದ್ದು ಹುಬ್ಬಳ್ಳಿಯಿಂದ ಸುದ್ದಿ ತಿಳೀಬೇಕು."

ಒಳಗೆ ಬಂದು ಉಪ್ಪಿಟ್ಟಿಗೆ ಇಟ್ಟೆ. ರವೆ ಸೀದುಹೋಯಿತು. ನನಗೆ ಬಂದದ್ದು ಸಿಟ್ಟು ಅಂತ ಆಮೇಲೆ ತಿಳಿಯಿತು. ಯಾರ ಮೇಲೆ ಅಂತ ಇನ್ನೂ ತಿಳಿದಿಲ್ಲ.

ಅದೇ ದಿನ, ಸಂಜೆ

ಸಿಟ್ಟೂ ಹೋಯಿತು. ಮತ್ತೆ ಮೊದಲಿನಂತೆ.

೧ ನವೆಂಬರ್

ನಾಲ್ಕು ಉಳಿದಿವೆ. ಅತ್ತೆ ಹಿತ್ತಲಿಗೆ ಹೋಗುತ್ತಿಲ್ಲ. ಊಟಕ್ಕೆ ಕರೆದರೆ ಬರುತ್ತಾರೆ, ತಟ್ಟೆ ತೊಳೆದಿಡುತ್ತಾರೆ. ನನ್ನ ಅನ್ನ ಮೆತ್ತಗಾಗಿತ್ತು. ಏನೂ ಅನ್ನಲಿಲ್ಲ.

ಲಾಸ್ಯಾಗೆ ಫೋನ್ ಮಾಡಿದೆ. ಕ್ರೈಸ್ಟ್‌ಚರ್ಚ್‌ನಲ್ಲಿ ಪರೀಕ್ಷೆ ನಡೆಯುತ್ತಿದೆ, ಆದರೂ ಎತ್ತಿದಳು.

"ಮಮ್, ಜಸ್ಟ್ ಆಸ್ಕ್ ಅಜ್ಜಿ ಟು ಸ್ಟೇ."

"ಅವರಿಗೆ ಇಷ್ಟ ಇದೆಯೋ ಇಲ್ಲವೋ ಪುಟ್ಟಾ."

"ಓಕೆ, ಬಟ್ ಡು ಯೂ ವಾಂಟ್ ಹರ್ ಟು?"

ಗೊತ್ತಿಲ್ಲ ಅಂದೆ. ಅವಳು ಫೋನ್ ಇಟ್ಟಳು.

೮ ನವೆಂಬರ್, ಶನಿವಾರ

ಸೂಟ್‌ಕೇಸ್ ತೂಕ ನೋಡಿದೆವು, ಬಚ್ಚಲಮನೆಯ ತೂಕದ ಯಂತ್ರದ ಮೇಲೆ. ನಾನು ಬಗ್ಗಿ ಅಂಕಿ ಓದಿದೆ.

"ಹದಿನೆಂಟು ಕಿಲೋ ರೀ."

"ಇನ್ನೂ ಜಾಗಾ ಐತಿ. ಊರಿಗೆ ಏನರೆ ಕಳಸೂದು ಐತೇನು?"

"ಇಲ್ರಿ."

ಬಗ್ಗಿದವಳು ಏಳಲಿಲ್ಲ. ಆ ಅಂಕಿಯನ್ನೇ ನೋಡುತ್ತ ಅಂದೆ: "ಹೋಗಬ್ಯಾಡ್ರಿ, ಅತ್ತಿ."

ಅವರು ಸೂಟ್‌ಕೇಸಿನ ಮೇಲೆ ಕೂತರು. ಅಂಕಿ ಎಪ್ಪತ್ತೈದಕ್ಕೆ ಹೋಯಿತು.

"ಕನಿಕರಕ್ಕ ಇಟ್ಕೋಬ್ಯಾಡವ್ವ. ಅಲ್ಲಿ ನನಗ ಇನ್ನೊಬ್ಬ ಮಗ ಅದಾನ."

"ಕನಿಕರ ಅಲ್ರಿ."

"ಮತ್ತೇನು?"

ಇಷ್ಟು ವರ್ಷ ಓದಿದ್ದರಲ್ಲಿ ಒಂದು ಸಾಲೂ ನೆರವಿಗೆ ಬರಲಿಲ್ಲ.

"ಗೊತ್ತಾದ ಮ್ಯಾಲ ಹೇಳು," ಅಂದರು. "ಇನ್ನ ಎಂಟ ದಿನ ಐತಿ. ಎಂ.ಎ. ಪರೀಕ್ಷಾಕ್ಕಿಂತ ಸಸಾರ."

೧೧ ನವೆಂಬರ್, ಮಂಗಳವಾರ, ಬೆಳಿಗ್ಗೆ ೬.೫೦

ರಜೆ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ವೀಸಾ ಅರ್ಜಿ ತೆರೆದು ಕೂತಿದ್ದೇನೆ. ಹೆಸರು — ಗಂಗವ್ವ. ಪಾಸ್‌ಪೋರ್ಟ್ ನಂಬರ್, ಈ ಅಪ್ಪರ್ ಹಟ್ ಮನೆಯ ವಿಳಾಸ, ಎಲ್ಲ ತುಂಬಿದೆ. ಇನ್ನೂ ಇರಬೇಕಾದ ಕಾರಣ ಏನು ಅಂತ ಅರ್ಜಿ ಕೇಳುತ್ತದೆ. 'ಫ್ಯಾಮಿಲಿ ಸಪೋರ್ಟ್' ಅಂತ ಹಾಕಿದೆ. ಸರ್ಕಾರಕ್ಕೆ ಅಷ್ಟು ಸಾಕು. ಅತ್ತೆಗೆ ಸಾಕಾಗುವುದಿಲ್ಲ.

ಆಗಲೇ ಎದ್ದಿದ್ದಾರೆ, ನಲ್ಲಿಯ ಸದ್ದು. ಚಹಾ ತರುವುದರೊಳಗೆ ಇಲ್ಲಿ ಬರೆದುಕೊಂಡು, ಅದನ್ನೇ ಓದಿ ಹೇಳುತ್ತೇನೆ. ಬಾಯಲ್ಲಿ ಬರುವುದಿಲ್ಲ ನನಗೆ.

ಮೇ ತಿಂಗಳಿಂದ ನಾನು ಏನು ಉಂಡೆ, ಯಾವಾಗ ಎದ್ದೆ, ಯಾರು ಬಂದು ಏನು ಸಮಾಧಾನ ಹೇಳಿದರು, ನೆನಪಿಲ್ಲ. ನೀವು ಅಂದದ್ದು ಮಾತ್ರ ಒಂದೊಂದೂ ನೆನಪಿದೆ. ಹಗಲು ಮಲಗಿದ್ದಕ್ಕೆ ಅಂದದ್ದು, ತಲೆ-ಬುಡ ಗೊತ್ತಿಲ್ಲ ಅಂದದ್ದು. ಕಡ್ಡಿಯ ಜಗಳ ಆದಮೇಲೆ ಎರಡು ವಾರ ನೀವು ಏನೂ ಅನ್ನಲಿಲ್ಲ. ಮನೆಯಲ್ಲಿ ನಾನು ಇದ್ದೇನೋ ಇಲ್ಲವೋ ಅಂತ

ಹೀಗಲ್ಲ. ಸರಳವಾಗಿ.

ಅತ್ತಿ, ನೀವು ಹೋದ್ರ ಈ ಮನ್ಯಾಗ ನನಗ ಬೈಯೋರು ಯಾರೂ ಇರೂದಿಲ್ರಿ.