ಕರಗಿದ ಕಲ್ಲಿನ ಕೆಳಗೆ ನೀರು

ಅನಗೋಳ, ಬೆಳಗಾವಿ
೯ ಮಾರ್ಚ್ ೨೦೨೫, ರವಿವಾರ

ತಮ್ಮ ಚೇತನನಿಗೆ,

ಅಕ್ಕ ಪೂರ್ಣಿಮಾ ಮಾಡುವ ಆಶೀರ್ವಾದ. ನೀನು ಕೊರಿಯರಿನಲ್ಲಿ ಕಳಿಸಿದ ಲಕೋಟೆ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯಬೇಕು, ನನಗೆ ಆ ಮನಸ್ಸಿಲ್ಲ. ಬೇಕಂತಲೇ ತಡ ಮಾಡಿದೆ. ಬಂದ ದಿನವೇ ಬರೆಯಲು ಕೂತಿದ್ದರೆ ಅವ್ವನ ಎದುರು ಓದಲಾಗದ ಮಾತುಗಳು ಬರುತ್ತಿದ್ದವು. ಫೋನಿನಲ್ಲಿ ಹೇಳೋಣವೆಂದರೆ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ, "ಅಕ್ಕಾ, ನಿನಗ ಅದು ತಿಳಿಯೂದಿಲ್ಲ" ಅನ್ನುತ್ತೀ. ಕಾಗದದ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವ್ವ ಆರಾಮ ಇದ್ದಾಳೆ. ಪುಣೆಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂದು ದಿನಾ ಕೇಳುತ್ತಾಳೆ. ಉಣ್ಣುತ್ತಾನೆ, ನಿದ್ದೆಯೂ ಚೆನ್ನಾಗಿ ಮಾಡುತ್ತಾನೆ ಎಂದು ಹೇಳಿದ್ದೇನೆ. ಉದ್ಯಮಬಾಗದಲ್ಲಿ ಅಪ್ಪ ಕಟ್ಟಿದ ಫೌಂಡ್ರಿಯ ಭಟ್ಟಿ ಆರಿ ಏಳು ವಾರವಾಯಿತು. ಹಾರಿಹೋದ ಚಾವಣಿಯ ತಗಡು ಇನ್ನೂ ಹಾಕಿಸಿಲ್ಲ. ಹಾಕಿಸುವ ಉತ್ಸಾಹ ಯಾರಿಗೂ ಇಲ್ಲ.

ಈಗ ನಿನ್ನ ಕಾಗದಗಳ ಮಾತು. ಮೊದಲನೆಯದರಲ್ಲಿ, ನಮ್ಮ ಫೌಂಡ್ರಿಯಲ್ಲಿ ನಿನ್ನ ಪ್ರಯೋಗ ಮಾಡಲು ನಾನು ಒಪ್ಪಿದ್ದೆ, ಅಪಾಯವನ್ನು ಕೆಲಸಗಾರರಿಗೆ ಮೊದಲೇ ತಿಳಿಸಿದ್ದೆ ಎಂದಿದೆ. ಎರಡನೆಯದರಲ್ಲಿ, ಜನವರಿ ಇಪ್ಪತ್ತೆರಡರಂದು "ಫೌಂಡ್ರಿಯ ಕೆಲಸಗಾರನೊಬ್ಬ ಸೂಚನೆಗೆ ಕಾಯದೆ ತಾನಾಗಿಯೇ ವಾಲ್ವ್ ತೆರೆದದ್ದರಿಂದ" ಅಪಘಾತವಾಯಿತು ಎಂದಿದೆ. ಮೂರನೆಯದು, ವಾಲ್ವ್ ತೆರೆದದ್ದು ತನ್ನದೇ ತಪ್ಪು ಎಂದು ನಮ್ಮ ಭಟ್ಟಿಯ ಸೋಮಲಿಂಗ ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆಯ ಪ್ರತಿ. ಬಲಗೈಗೆ ಪಟ್ಟಿ ಇದ್ದದ್ದರಿಂದ ಎಡಗೈಯಲ್ಲಿ ಸೊಟ್ಟಪಟ್ಟ ಸಹಿ ಮಾಡಿದ್ದಾನೆ. ಮೊದಲೆರಡಕ್ಕೆ ನಾನು ಸಹಿ ಮಾಡಿ ಹದಿನೈದರೊಳಗೆ ಕಳಿಸಿದರೆ ನಿಮ್ಮ ಸಂಸ್ಥೆಯ ಸಮಿತಿ ಒಪ್ಪುತ್ತದಂತೆ, ನಿನ್ನ ಲೇಖನ ಅಚ್ಚಾಗುತ್ತದಂತೆ, ನಿನ್ನ ನೌಕರಿ ಕಾಯಂ ಆಗುತ್ತದಂತೆ.

ನಾನು ಸಹಿ ಮಾಡುವುದಿಲ್ಲ.

ಕೆಲಸಗಾರನೊಬ್ಬ ಎಂದು ಬರೆಯಲು ನಿನ್ನ ಕೈ ಹೇಗೆ ಬಂತು? ನಿನ್ನನ್ನು ಹೆಗಲ ಮೇಲೆ ಹೊತ್ತು ಕೋಟೆಯ ಕಂದಕ ತೋರಿಸಿಕೊಂಡು ಬಂದವನು ಅವನು. ಅಪ್ಪ ತೀರಿಕೊಂಡು ಫೌಂಡ್ರಿ ನನ್ನ ಕೈಗೆ ಬಂದ ವರ್ಷ ನನಗೆ ಕಬ್ಬಿಣದ ರಸದ ಬಣ್ಣ ನೋಡಿ ಅದು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಹೇಳುವುದನ್ನು ಕಲಿಸಿದವನು ಅವನು. ಇಪ್ಪತ್ತೆರಡು ವರ್ಷ ಭಟ್ಟಿಯ ಮುಂದೆ ನಿಂತರೂ ಒಬ್ಬರ ಮೈಮೇಲೂ ಒಂದು ಹನಿ ರಸ ಬೀಳಗೊಟ್ಟಿಲ್ಲ. ಭಟ್ಟಿಯ ಹತ್ತಿರ ಯಾರಾದರೂ ನೀರಿನ ಬಾಟಲಿ ಹಿಡಿದು ಬಂದರೆ ಕಸಿದುಕೊಂಡು ಬಾಗಿಲಾಚೆ ಇಟ್ಟು ಬರುತ್ತಿದ್ದ. ಕಿಟ್ಟ ತೆಗೆಯುವ ಸಲಾಕಿಯನ್ನೂ ಮೊದಲು ಬೆಂಕಿಗೆ ಹಿಡಿದು ಪಸೆ ಆರಿಸಿಯೇ ರಸದಲ್ಲಿ ಅದ್ದುತ್ತಿದ್ದ. ಅವನು ತಾನಾಗಿ ನೀರು ಬಿಟ್ಟನಂತೆ. ಉದ್ಯಮಬಾಗದಲ್ಲಿ ಇದನ್ನು ಹೇಳಿದರೆ ಮೊದಲು ನಗುತ್ತಿದ್ದರು. ಈಗ ಯಾರೂ ನಗುವುದಿಲ್ಲ, ಏಕೆಂದರೆ ಅವನೇ ಬರೆದುಕೊಟ್ಟಿದ್ದಾನೆ. ಪಕ್ಕದ ಫೌಂಡ್ರಿಯ ಲಕ್ಷ್ಮಪ್ಪ ಹೋದ ವಾರ ಕಟ್ಟೆಗೆ ಬಂದು ನಿಂತು, "ಸೋಮಲಿಂಗನೇ ನೀರ ಬಿಟ್ಟನಂತಲ್ರಿ, ಖರೇನ? ಇನ್ನ ಅಂವನ್ನ ಭಟ್ಟಿ ಹಂತ್ಯಾಕ ಯಾರ ಕರೀತಾರ್ರಿ?" ಎಂದ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನೀನು ಬಂದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತೇ? ಖಾನಾಪುರದಿಂದ ಕಣಕುಂಬಿಗೆ ಹೋಗುವ ದಾರಿಯ ಗುಡ್ಡದಲ್ಲಿ ಒಂದು ದುಂಡನೆಯ ತಗ್ಗು ಇದೆ, ಅದು ಹಳೆಯ ಜ್ವಾಲಾಮುಖಿ ಇರಬಹುದು ಎಂದು ನೀನು ಹೇಳಿದೆ. ಆ ತಗ್ಗನ್ನು ನಿನಗೆ ತೋರಿಸಿದವನೂ ಸೋಮಲಿಂಗನೇ, ಅವನ ಅಪ್ಪ ಅಲ್ಲಿ ಕುರಿ ಮೇಯಿಸುತ್ತಿದ್ದ. ಊಟಕ್ಕೆ ಕೂತು ನೀನು ಅವ್ವನಿಗೂ ನನಗೂ ವಿವರಿಸಿದೆ. ನೆಲದೊಳಗಿನಿಂದ ಮೇಲೇರುವ ಕರಗಿದ ಕಲ್ಲು ದಾರಿಯಲ್ಲಿ ಅಂತರ್ಜಲಕ್ಕೆ ತಾಗಿದರೆ ಸಿಡಿಯುತ್ತದೆ, ನೆಲವನ್ನೇ ಕಿತ್ತು ಎಸೆಯುತ್ತದೆ, ಆಮೇಲೆ ಆ ತಗ್ಗಿನಲ್ಲಿ ನೀರು ನಿಂತು ಕೆರೆಯಾಗುತ್ತದೆ, ಅಂಥದ್ದಕ್ಕೆ ಮಾರ್ ಎನ್ನುತ್ತಾರೆ ಎಂದೆ. ಎಷ್ಟು ಕಲ್ಲಿಗೆ ಎಷ್ಟು ನೀರು ಸಿಕ್ಕರೆ ಎಷ್ಟು ಜೋರಾಗಿ ಸಿಡಿಯುತ್ತದೆ ಎಂಬುದೇ ನಿನ್ನ ಸಂಶೋಧನೆ. ಪುಣೆಯ ಪ್ರಯೋಗಶಾಲೆಯಲ್ಲಿ ಅನುಮತಿ ಸಿಗಲು ವರ್ಷ ಬೇಕು, ನಮ್ಮ ಭಟ್ಟಿಯಾದರೆ ಕೇಳುವವರಿಲ್ಲ ಅಂದೆ ನೀನು. ಅವ್ವ ಸಜ್ಜಕ ಬಡಿಸುತ್ತಲೇ ಹೂಂ ಅಂದಳು, ನಾನೂ ಹೂಂ ಅಂದೆ.

ಹನ್ನೆರಡು ಸಲ ಕರಿಕಲ್ಲು ಕರಗಿಸಿ ಕಬ್ಬಿಣದ ಪಾತ್ರೆಗೆ ಸುರಿದು ಮೇಲಿನಿಂದ ನೀರು ಹಾಕಿದಿರಿ. ಬುಸ್ಸೆಂದು ಹಬೆ ಎದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ನಿನ್ನ ಮುಖ ಸಪ್ಪಗಾಗುತ್ತಿತ್ತು. ಆಗ ಸೋಮಲಿಂಗ ಒಂದು ಮಾತು ಹೇಳಿದ, ನಾನೇ ಕೇಳಿದ್ದೇನೆ. "ಮ್ಯಾಲ ಹಾಕಿದ ನೀರಿಗೆ ಹೋಗಾಕ ದಾರಿ ಇರ್ತೈತಿ ಸಾಹೇಬ್ರ. ಕೆಳಗ ಸಿಕ್ಕೊಂಡ ನೀರಿಗೆ ದಾರಿ ಇರೂದಿಲ್ಲ. ಅದು ಮನಿ ಒಡದು ಹೋಗತೈತಿ." ಮಾಡಬೇಡಿರೆಂದು ಹೇಳಿದ ಮಾತು ಅದು. ನೀನು ಮರುದಿನವೇ ಪಾತ್ರೆಯ ತಳಕ್ಕೆ ತೂತು ಕೊರೆಸಿ ನೀರಿನ ನಳಿಗೆಯನ್ನೂ ಅದಕ್ಕೊಂದು ವಾಲ್ವನ್ನೂ ಜೋಡಿಸಿದೆ. ಈಗ ನಿನ್ನ ಲೇಖನದ ಸಾರಾಂಶದಲ್ಲಿ ಅದೇ ಮಾತು ಇಂಗ್ಲಿಷಿನಲ್ಲಿದೆ, ನಾನು ಓದಿದೆ. ಅಷ್ಟು ಇಂಗ್ಲಿಷು ನನಗೂ ಬರುತ್ತದೆ.

ವಾಲ್ವನ್ನು ಗೋಡೆಯ ಆಚೆಯಿಂದ ತಿರುವುವ ಹಾಗೆ ಮಾಡುತ್ತೇನೆ ಎಂದು ನೀನು ಹೇಳಿದ್ದೆ. ಮಾಡಲಿಲ್ಲ, ರಜೆ ಮುಗಿಯುತ್ತಿತ್ತು. "ಒಂದ್ ಕಪ್ ನೀರು, ಅಷ್ಟಕ್ಕ ಏನಾಗ್ತೈತಿ" ಎಂದೆ. ಕಲ್ಲು ಸುರಿದರು. ನೀನು ಕ್ಯಾಮೆರಾದ ಹಿಂದೆ ಇದ್ದೆ. ನಾನು ಆಫೀಸಿನ ಬಾಗಿಲಲ್ಲಿದ್ದೆ. ನೀನು "ಬಿಡು" ಅಂದೆ. ನಾನು ಕಿವಿಯಾರೆ ಕೇಳಿದೆ. ನೀನು ಅಂದೆ, ಸೋಮಲಿಂಗ ತಿರುವಿದ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ತಗಡು ಹಾರಿದ್ದು ನೋಡಿದೆ, ಸಪ್ಪಳ ಕೇಳಿದ ನೆನಪೇ ಇಲ್ಲ. ಸೋಮಲಿಂಗ ಮುಖ ಮುಚ್ಚಿಕೊಂಡು ಉಸುಕಿನ ಗುಡ್ಡೆಯ ಮೇಲೆ ಬಿದ್ದಿದ್ದ, ಅಂಗಿ ಹೊಗೆಯಾಡುತ್ತಿತ್ತು. ನೀನು ಕ್ಯಾಮೆರಾ ಹಿಡಿದುಕೊಂಡು, "ಅಕ್ಕಾ, ಬಂತು, ಬಂತು" ಎಂದೆ.

ಅದನ್ನೂ ಗಾಬರಿಯಲ್ಲಿ ಆಡಿದ ಮಾತು ಎಂದು ಬಿಟ್ಟುಬಿಡುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಅವನ ಕೆನ್ನೆಯಿಂದ, ಕಣ್ಣಿನಿಂದ ಕರಿ ಗಾಜಿನಂಥ ಚೂರು ಒಂದೊಂದೇ ತೆಗೆಯುವಾಗ, ಅವನ್ನು ಒಗೆಯಬೇಡಿ, ನನಗೆ ಬೇಕು ಎಂದು ಕೇಳಿಕೊಂಡೆಯಂತೆ. ನರ್ಸು ಹೇಳಿದಳು. ಸಣ್ಣ ಚೂರುಗಳಿಂದಲೇ ಸಿಡಿತದ ಬಲ ಲೆಕ್ಕ ಹಾಕುತ್ತಾರಂತೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಲೆ ತಾರೀಕು ಬರೆದುಕೊಂಡು ಒಯ್ದೆಯಂತೆ. ಚೇತನ, ನೀನು ನಮ್ಮ ಮನೆಯಲ್ಲೇ ಬೆಳೆದೆಯೋ ಬೇರೆ ಎಲ್ಲಾದರೂ ಬೆಳೆದೆಯೋ ಎಂದು ಅವತ್ತು ಅನಿಸಿತು. ಅದಾಗಿ ನಾಲ್ಕನೆಯ ದಿನ ಅದೇ ಮಂಚದ ಪಕ್ಕ ಕೂತು ಅವನಿಂದ ಹೇಳಿಕೆ ಬರೆಸಿಕೊಂಡೆ. ಒಂದು ಕಣ್ಣು ಹೋದವನಿಗೆ ಏನು ಓದಿಸಿದೆ, ಏನು ಹೇಳಿ ಒಪ್ಪಿಸಿದೆ?

ಇವತ್ತಿಗೆ ಇಲ್ಲಿಗೆ ನಿಲ್ಲಿಸುತ್ತೇನೆ.

೧೧ ಮಾರ್ಚ್, ಮಂಗಳವಾರ

ಇವತ್ತು ಮುಂಜಾನೆಯ ಬಸ್ಸಿಗೆ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಟೆಂಪೋ ಹಿಡಿದು ಸೋಮಲಿಂಗನ ಊರಿಗೆ ಹೋಗಿ ಬಂದೆ. ನಿನಗೆ ಪುರುಸೊತ್ತಿಲ್ಲ, ನಾನಾದರೂ ಹೋಗಬೇಕಲ್ಲ.

ಅಂಗಳದಲ್ಲಿ ಕೂತಿದ್ದ. ಬಲಗಣ್ಣಿನ ಜಾಗ ಈಗ ಮುಚ್ಚಿಕೊಂಡಿದೆ. ಬೆರಳು ಮೂರು ಮಡಚುವುದಿಲ್ಲ. ನನ್ನನ್ನು ಕಂಡು ಏಳಲು ಹೋದ, ನಾನು ಬೇಡವೆಂದೆ. "ಬರ್ರಿ ಅಕ್ಕಾರ, ಕುಂದರ್ರಿ. ಸಾಹೇಬ್ರದು ಪೇಪರ್ ಬಂತೇನ್ರಿ?" ಎಂದು ಕೇಳಿದ. ಮೊದಲು ಕೇಳಿದ್ದೇ ಅದನ್ನು. ನಿನಗೆ ಹೇಳಬೇಕೆಂದೇ ಬರೆಯುತ್ತಿದ್ದೇನೆ, ನೆಟ್ಟಗೆ ಓದು.

ಅವನ ಹೆಂಡತಿ ಪ್ರಮಿಳಾ ನನ್ನೊಡನೆ ಸಿಟ್ಟಿನಿಂದ ಮಾತಾಡಲಿಲ್ಲ. ಸಿಟ್ಟು ಮಾಡಿದ್ದರೆ ಚಲೋ ಇತ್ತು. ಅವಳ ಸಿಟ್ಟೆಲ್ಲ ಗಂಡನ ಮೇಲೆ. "ಮಂದಿ ಕೇಳ್ತಾರ್ರಿ ಅಕ್ಕಾರ, ಅಷ್ಟ ವರ್ಷ ಭಟ್ಟಿ ಮುಂದ ನಿಂತಾಂವ ನೀರ ಹೆಂಗ ಬಿಟ್ಟಾ ಅಂತ. ನಾ ಏನ್ ಹೇಳ್ಲಿ? ನನಗೂ ಅದ ತಿಳಿವಲ್ದು. ಕುಡೀತಿದ್ದಿಲ್ಲ, ಏನಿಲ್ಲ. ಕೇಳಿದ್ರ ಬಾಯಿ ಬಿಡೂದಿಲ್ಲ. ನಂದ ತಪ್ಪೈತಿ, ಸುಮ್ಮನಿರು ಅಂತಾನ. ಮಗಳ ಸೃಷ್ಟಿ ಸಾಲ್ಯಾಗೂ ಹುಡುಗ್ರು ಆಡ್ಕೋತಾವ್ರಿ." ಇದನ್ನು ಅವನ ಎದುರಿಗೇ ಹೇಳಿದಳು. ಅವನು ಕೋಳಿಗಳನ್ನು ನೋಡುತ್ತ ಕೂತಿದ್ದ.

ನೋಡು, ಕಣ್ಣು ಹೋಗಿದೆ, ಕೈ ಹೋಗಿದೆ. ಅವನ ಹತ್ತಿರ ಉಳಿದಿದ್ದದ್ದು ಹೆಸರು ಒಂದೇ, ಅದು ಭಟ್ಟಿಯವನ ಹೆಸರು. ಅದನ್ನೂ ನಿನ್ನ ಎರಡನೆಯ ಕಾಗದ ತಿಂದುಹಾಕುತ್ತದೆ. ಅದಕ್ಕೆ ನನ್ನ ಸಹಿ ಸಿಗುವುದಿಲ್ಲ, ನೀನು ಬಂದು ಕಾಲು ಹಿಡಿದರೂ ಸಿಗುವುದಿಲ್ಲ. ನಿನ್ನ ನೌಕರಿ ಹೋದರೆ ಹೋಗಲಿ. ಓದಿದವನಿಗೆ ಇನ್ನೊಂದು ಸಿಗುತ್ತದೆ.

ಸಹಿಯಿಲ್ಲದ ನಿನ್ನ ಕಾಗದಗಳನ್ನು ಇದರೊಡನೆ ವಾಪಸು ಇಟ್ಟಿದ್ದೇನೆ. ಹಬ್ಬಕ್ಕೆ ಬರುವುದಾದರೆ ಅವ್ವನಿಗಾಗಿ ಬಾ, ನನ್ನೊಡನೆ ಮಾತಾಡುವ ಶ್ರಮ ತೆಗೆದುಕೊಳ್ಳಬೇಡ. ಆ ಬಸವಣ್ಣ ನಿನಗೆ ಆಯುಷ್ಯ ಕೊಡಲಿ, ಆರೋಗ್ಯ ಕೊಡಲಿ, ಅವುಗಳ ಜೊತೆಗೆ ಒಂದಿಷ್ಟು ನಾಚಿಕೆಯನ್ನೂ ಕೊಡಲಿ.

ಇಂತಿ,
ನಿನ್ನ ಅಕ್ಕ
ಪೂರ್ಣಿಮಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಸೋಮಲಿಂಗನಿಂದ ನೀನು ಏನೋ ಹೇಳಿ ಒಪ್ಪಿಸಿ ಬರೆಸಿಕೊಂಡೆ ಎಂದು ಮೇಲೆ ಬೈದಿದ್ದೇನೆ. ಅದು ಪೂರ್ತಿ ಖರೆ ಅಲ್ಲ. ನೀನು ಕೇಳಿದ್ದು ಖರೆ, ಆದರೆ ಅವನು ಬರೆದುಕೊಟ್ಟದ್ದು ನಿನ್ನ ಸಲುವಾಗಿ ಅಲ್ಲ.

ಅವತ್ತು, ಕಲ್ಲು ಸುರಿಯುವ ಮೊದಲು, ನೀನು ಹೊರಗೆ ಕ್ಯಾಮೆರಾದ ವೈರು ಎಳೆಯುತ್ತಿದ್ದಾಗ ಅವನು ಆಫೀಸಿನ ಬಾಗಿಲಿಗೆ ಬಂದಿದ್ದ. "ಅಕ್ಕಾರ, ಕೆಳಗ ನೀರ ನಾ ಬಿಡೂದಿಲ್ರಿ. ಸಾಹೇಬ್ರಿಗೆ ನೀವ ಹೇಳ್ರಿ" ಅಂದ. ನಾನು ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದೆ. ನೀನು ಸಪ್ಪೆ ಮುಖ ಹೊತ್ತು ಪುಣೆಗೆ ಹೋಗುತ್ತೀ ಎಂಬುದೊಂದೇ ತಲೆಯಲ್ಲಿತ್ತು. ಫೋನಿಗೆ ಕೈ ಅಡ್ಡ ಹಿಡಿದು ಅಂದೆ: "ಇಪ್ಪತ್ತೆರಡ ವರ್ಷ ನಮ್ಮ ಮನಿ ಅನ್ನ ಉಂಡಿ. ಈಗ ನಮ್ಮ ಮನಿ ಹುಡುಗಗ ಇಲ್ಲ ಅಂತಿಯೇನು?" ಅವನು "ಆತ್ರಿ ಅಕ್ಕಾರ" ಎಂದು ಹೋದ. ನೀನು "ಬಿಡು" ಅನ್ನುವ ಮೊದಲೇ ನಾನು ಅಂದಾಗಿತ್ತು.

ಈ ಪತ್ರದ ಝೆರಾಕ್ಸು ಎರಡು ಮಾಡಿಸುತ್ತೇನೆ, ಈ ತಾ.ಕ. ಸಹಿತ. ಒಂದು ನಿನ್ನ ಕಾಗದದಲ್ಲಿದ್ದ ಸಮಿತಿಯ ವಿಳಾಸಕ್ಕೆ, ಇನ್ನೊಂದು ಇಲ್ಲಿಯ ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಹೋಗುತ್ತದೆ. ಫೌಂಡ್ರಿಗೆ ಬೀಗ ಬೀಳಬಹುದು, ಬೀಳಲಿ. ಅಪರಿಚಿತರಿಗೆ ಬರೆದು ತಿಳಿಸಲು ಧೈರ್ಯ ಸಾಲುತ್ತದೆ ನನಗೆ.

ಇವತ್ತು ಪ್ರಮಿಳಾ ನೀರು ತರಲು ಒಳಗೆ ಹೋದಾಗ ಸೋಮಲಿಂಗ ನನ್ನ ಕಡೆ ಬಾಗಿ, "ಹೆದರಬ್ಯಾಡ್ರಿ ಅಕ್ಕಾರ. ನೀವು ಅಂದದ್ದು ನಾ ಯಾರ ಮುಂದೂ ಹೇಳಿಲ್ಲ, ಈಕಿ ಮುಂದೂ ಹೇಳಿಲ್ಲ" ಅಂದ. ಆಮೇಲೆ ಪ್ರಮಿಳಾ ಬಂದು ಎದುರಿಗೇ ಕೂತಳು, ಗಂಡ ಹಾಗೇಕೆ ಮಾಡಿದನೆಂದು ನನ್ನನ್ನೇ ಇನ್ನೊಮ್ಮೆ ಕೇಳಿದಳು. ನನಗೂ ತಿಳಿಯದವ್ವಾ ಎಂದು ಹೇಳಿ, ಅವಳು ಕೊಟ್ಟ ನೀರು ಕುಡಿದು ಎದ್ದು ಬಂದೆ.